ಪೇಷಂಟ್ ಕಡೆಯವರು ಯಾರು?

ಎದೆಯ ಮಹಾಪಧಮನಿ ಉಬ್ಬಿದೆ, ವಾಲ್ವನ್ನೂ ಬದಲಿಸಬೇಕು ಎನ್ನುತ್ತಾರೆ ಡಾಕ್ಟರು. ಟೇಬಲ್ಲಿನ ಮೇಲೆ ಮಲಗುವುದು ಒಬ್ಬರು. ಎಚ್ಚರವಿದ್ದು ತೀರ್ಮಾನ ಮಾಡಬೇಕಾದವರು, ಮುಂದೆ ಜೀವಮಾನವಿಡೀ ಗುಳಿಗೆಯ ಲೆಕ್ಕ ಇಡಬೇಕಾದವರು ಇನ್ನೊಬ್ಬರು. ಅವರು ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನದ ಹೊತ್ತಿಗೆ, ಆ ಬೆಂಚಿನ ಕಡೆ ಒಂದು ನೋಟ.

‘ಪೇಷಂಟ್ ಕಡೆಯವರು ಬನ್ನಿ’ ಎಂದು ಬಾಗಿಲು ಅರ್ಧ ತೆರೆದು ಕೂಗಿದರು. ಬೆಂಚಿನಿಂದ ನಾಲ್ವರು ಒಟ್ಟಿಗೆ ಎದ್ದರು. ರೋಗಿಯ ಅಣ್ಣ, ಭಾವ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದ ಮಗ, ಮತ್ತು ಹೆಂಡತಿ. ‘ಇಬ್ಬರು ಸಾಕು’ ಅಂದರು ಸಿಸ್ಟರ್. ಅಣ್ಣ, ಭಾವ ಒಳಗೆ ಹೋದರು. ಹೆಂಡತಿ ಮತ್ತೆ ಕೂತರು.

ಅವರ ಮಡಿಲಲ್ಲಿ ಜವಳಿ ಅಂಗಡಿಯ ಬಟ್ಟೆ ಚೀಲ. ಅದರೊಳಗೆ ಯಲ್ಲಾಪುರದಲ್ಲಿ ತೆಗೆಸಿದ ಇಸಿಜಿ, ಹುಬ್ಬಳ್ಳಿಯ ಎಕೋ ರಿಪೋರ್ಟು, ಸಿಟಿ ಸ್ಕ್ಯಾನಿನ ದೊಡ್ಡ ಫಿಲ್ಮು, ಬಿಪಿ ಗುಳಿಗೆಯ ಖಾಲಿ ಪಟ್ಟಿಗಳು. ಎರಡು ನಿಮಿಷಕ್ಕೆ ಭಾವ ಹೊರಗೆ ಬಂದು ಕೇಳಿದರು: ಬಿಪಿ ಗುಳಿಗೆ ಯಾವ ವರ್ಷದಿಂದ? ಪುನಃ ಬಂದರು: ಹಲ್ಲು ತೋರಿಸಿದ್ದು ಯಾವಾಗ? ಪೆನ್ಸಿಲಿನ್ ಅಲರ್ಜಿ ಉಂಟಾ? ಮೂರಕ್ಕೂ ಉತ್ತರ ಇದ್ದದ್ದು ಹೊರಗೆ ಕೂತವರ ಬಳಿ.

ವಜ್ರಳ್ಳಿ ಕಡೆಯ ಈ ಅಡಿಕೆ ತೋಟಿಗರ ಕುಟುಂಬವನ್ನು ನಾನು ಮೊದಲಿನಿಂದ ಬಲ್ಲೆ. ಅಲ್ಲಿ ಯಾರೂ ಆಕೆಯನ್ನು ಬೇಕೆಂದು ಹೊರಗಿಡಲಿಲ್ಲ. ‘ಅವಳಿಗೆ ಯಾಕೆ ಸುಮ್ಮನೆ ಗಾಬರಿ’ ಎಂಬ ಪ್ರೀತಿಯೇ ಅದು. ಆ ಪ್ರೀತಿ ತಪ್ಪು ಜಾಗದಲ್ಲಿ ಕೆಲಸ ಮಾಡುತ್ತಿದೆ ಎಂದು ಹೇಳಲಿಕ್ಕೇ ಈ ಬರಹ.

ರಸ್ತೆಯೂ ಕಾಯಿಲೆಯ ಭಾಗವೇ

ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಇಡಗುಂದಿ ಸಿಗುತ್ತದೆ. ಅಲ್ಲಿಂದ ಒಳಗೆ ಹೊರಳಿದರೆ ವಜ್ರಳ್ಳಿ, ಇನ್ನೂ ಮುಂದೆ ಕಳಚೆ. ಕಣಿವೆಯಲ್ಲಿ ತೋಟ, ಮೇಲೆ ಬೆಟ್ಟ, ಮನೆಯಿಂದ ಮನೆಗೆ ಮೈಲಿ ದೂರ. 2021ರ ಜುಲೈ ಮಳೆಗೆ ಕಳಚೆಯಲ್ಲಿ ಗುಡ್ಡ ತೋಟ-ಮನೆಗಳ ಮೇಲೆ ಜಾರಿತು. ಅದೇ ವಾರ ಅರಬೈಲ್ ಘಟ್ಟದ ರಸ್ತೆಯೂ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆ ವಾರ ಈ ಭಾಗದಲ್ಲಿ ಯಾರಿಗಾದರೂ ಎದೆನೋವು ಬಂದಿದ್ದರೆ?

ಹೃದಯದ ದೊಡ್ಡ ಆಪರೇಷನ್ ಎಂದರೆ ಇಲ್ಲಿನವರು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಮಣಿಪಾಲ ಇಲ್ಲವೇ ಬೆಂಗಳೂರಿನ ದಾರಿ ಹಿಡಿಯಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂಬ ಹಳೆಯ ಬೇಡಿಕೆ ಆ ಬಳಿಕ ಬೀದಿಗಿಳಿಯಿತು. ಅದು ನ್ಯಾಯವಾದ ಬೇಡಿಕೆ. ಈಡೇರುವ ತನಕ ಇಲ್ಲಿನ ಗಂಡ-ಹೆಂಡಿರು ತಮ್ಮ ತೀರ್ಮಾನಗಳನ್ನು ದೂರದ ಊರಿನ ಕಾರಿಡಾರಿನಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಮಾಡಬೇಕು. ಅದಕ್ಕೇ ಮೊದಲೇ ತಿಳಿದುಕೊಂಡಿರುವುದು ಲೇಸು.

ಐದೂವರೆ ಸೆಂಟಿಮೀಟರ್

ಹೃದಯದ ಎಡಗೋಣೆಯಿಂದ ರಕ್ತ ಹೊರಬೀಳುವ ದೊಡ್ಡ ನಾಳ ಮಹಾಪಧಮನಿ. ಅದರ ಬಾಯಲ್ಲಿ ಮೂರು ಎಸಳಿನ ವಾಲ್ವ್. ನೂರಕ್ಕೆ ಒಬ್ಬಿಬ್ಬರಿಗೆ ಹುಟ್ಟುವಾಗಲೇ ಎರಡೇ ಎಸಳು. ಇಂಥವರಲ್ಲಿ ಕೆಲವರಿಗೆ ನಡುವಯಸ್ಸಿನ ಹೊತ್ತಿಗೆ ವಾಲ್ವ್ ಗಟ್ಟಿಯಾಗುತ್ತದೆ ಅಥವಾ ಸೋರುತ್ತದೆ, ಜೊತೆಗೆ ನಾಳದ ಗೋಡೆಯೂ ಸೊರಗುತ್ತದೆ. ಬಿಸಿಲಿಗೆ ಒಣಗಿದ ಸ್ಪ್ರಿಂಕ್ಲರ್ ಪೈಪು ಪಂಪ್ ಶುರುವಾದೊಡನೆ ಒಂದು ಕಡೆ ಉಬ್ಬುವುದನ್ನು ತೋಟಿಗರು ಕಂಡಿರುತ್ತಾರೆ. ಇಲ್ಲಿ ಆಗುವುದೂ ಅದೇ. ಡಾಕ್ಟರರ ಬಾಯಲ್ಲಿ ಇದು ಅನ್ಯೂರಿಸಂ.

ಮೂರು, ಮೂರೂವರೆ ಸೆಂಟಿಮೀಟರ್ ಇರಬೇಕಾದ ನಾಳ ಐದೂವರೆ ಮುಟ್ಟಿತೆಂದರೆ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ. ಮಾರ್ಫಾನ್ ಥರದ ವಂಶಪಾರಂಪರ್ಯ ಕಾಯಿಲೆ ಇದ್ದರೆ, ಮನೆಯಲ್ಲಿ ಯಾರಾದರೂ ಹಠಾತ್ತಾಗಿ ಸತ್ತಿದ್ದರೆ, ಉಬ್ಬು ಬೇಗ ಬೆಳೆಯುತ್ತಿದ್ದರೆ ಇನ್ನೂ ಮೊದಲೇ. ನೋವಿಲ್ಲ, ಜ್ವರವಿಲ್ಲ. ಹತ್ತಿ ಇಳಿಯುವಾಗ ಸ್ವಲ್ಪ ಏದುಸಿರು ಬಂದರೆ ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಸುಮ್ಮನಾಗುವವರೇ ಹೆಚ್ಚು. ಎಷ್ಟೋ ಸಲ ಬೇರೆ ಯಾವುದಕ್ಕೋ ಎಕೋ ಮಾಡಿಸಿದಾಗ ಇದು ಸಿಗುತ್ತದೆ.

ನಮ್ಮ ಸೀಮೆಯ ತೊಡಕು ಇನ್ನೊಂದು. ‘ಕೊನೆಕೊಯ್ಲು ಮುಗಿಯಲಿ, ಆಮೇಲೆ ನೋಡೋಣ’ ಎಂಬ ಮಾತು. ಈಗ ಮಳೆ ಹಿಂದೆಗೆಯುತ್ತಿದೆ, ಕೊಳೆರೋಗದ ಆತಂಕ ಮುಗಿಯುತ್ತಿದೆ, ಇನ್ನು ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಗೊತ್ತುಮಾಡಬೇಕು, ಸುಲಿಯುವವರನ್ನು ಹುಡುಕಬೇಕು. ಮಾಡದಿದ್ದರೆ ವರ್ಷದ ಗಳಿಕೆ ನೆಲಪಾಲು. ಈ ಲೆಕ್ಕವನ್ನು ಹಗುರಾಗಿ ಕಾಣಲಾರೆ. ಆದರೆ ಉಬ್ಬಿದ ನಾಳಕ್ಕೆ ಕೊಯ್ಲಿನ ತಿಂಗಳುಗಳೇ ಕೆಟ್ಟವು. ಅಡಿಕೆ ಮೂಟೆ ಎತ್ತುವಾಗ ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಒಂದೇ ಸಲ ಮೇಲೇರುತ್ತದೆ. ಎಷ್ಟು ದಿನ ಕಾಯಬಹುದು, ಕಾಯುವಾಗ ಏನು ಎತ್ತಬಾರದು ಎಂದು ಸರ್ಜನ್‌ರನ್ನೇ ನೇರವಾಗಿ ಕೇಳಬೇಕು. ಅದನ್ನು ಕೇಳಬಲ್ಲವರು, ಕೇಳಿದ್ದನ್ನು ಮನೆಯಲ್ಲಿ ಜಾರಿಮಾಡಬಲ್ಲವರು ಹೆಂಡತಿಯೇ.

ತಡವಾದರೆ ನಾಳದ ಒಳಪದರ ಸೀಳುವ ಭಯ. ಸೀಳು ಹೃದಯಕ್ಕೆ ಹತ್ತಿರದ ಭಾಗದಲ್ಲಾದರೆ, ಮೊದಲ ಎರಡು ದಿನಗಳಲ್ಲಿ ಚಿಕಿತ್ಸೆ ಸಿಗದವರ ಪೈಕಿ ಗಂಟೆಗೆ ನೂರಕ್ಕೆ ಒಬ್ಬಿಬ್ಬರು ಸಾಯುತ್ತಾರೆ ಎಂಬುದು ವೈದ್ಯಶಾಸ್ತ್ರದ ಹಳೆಯ ಲೆಕ್ಕ. ಯೋಜನೆ ಹಾಕಿ ಮಾಡಿದ ಆಪರೇಷನ್ನಿನ ಅಪಾಯ ಇದರ ಮುಂದೆ ತುಂಬಾ ಕಡಿಮೆ.

---
ಇದು ನೆನಪಿರಲಿ

● ಎದೆಯಲ್ಲಿ ಒಮ್ಮೆಲೇ ಸೀಳಿದಂಥ ನೋವು, ಅದು ಬೆನ್ನಿಗೆ ಹೋದರೆ, ನಾಳ ಉಬ್ಬಿರುವ ವಿಷಯವನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿ. ಹಾರ್ಟ್ ಅಟ್ಯಾಕ್ ಎಂದು ತಿಳಿದು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಇಂಥವರ ಜೀವಕ್ಕೇ ಅಪಾಯ.

● ಭೇದಿಗೋ ಮೂತ್ರದ ಉರಿಗೋ ಅಂಗಡಿಯಿಂದ ಸಿಪ್ರೊಫ್ಲಾಕ್ಸಸಿನ್ ತಂದು ನುಂಗಬಾರದು. ಈ ಗುಂಪಿನ ಔಷಧಿಗಳು ಉಬ್ಬಿದ ಮಹಾಪಧಮನಿಗೆ ಕೇಡು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ.

● ಆಪರೇಷನ್ನಿಗೆ ಮೊದಲು ಹಲ್ಲು ತೋರಿಸಬೇಕು. ಕೊಳೆತ ಹಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಹೊಸ ವಾಲ್ವಿನ ಮೇಲೆ ಕೂರಬಹುದು. ದಿನಕ್ಕೆ ಎಷ್ಟು ಕವಳ, ಹೊಗೆಸೊಪ್ಪು ಸೇರಿಸುತ್ತಾರೋ ಇಲ್ಲವೋ, ಅದನ್ನೂ ಮುಚ್ಚಿಡಬಾರದು.
---

ಲೋಹವೋ, ಅಂಗಾಂಶವೋ

ಡಾಕ್ಟರು ಕೇಳುವ ಅತಿ ಕಷ್ಟದ ಪ್ರಶ್ನೆ ಇದು. ಲೋಹದ ವಾಲ್ವ್ ಬಾಳಿಕೆ ಬರುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಬದುಕಿರುವ ತನಕ ಬೇಕು. ದನ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ವಾಲ್ವಿಗೆ ಆ ಕಾಟ ಕಡಿಮೆ. ಅದು ಹತ್ತು-ಹದಿನೈದು ವರ್ಷದಲ್ಲಿ ಸವೆಯಬಹುದು. ಸಾಮಾನ್ಯವಾಗಿ 50 ದಾಟದವರಿಗೆ ಲೋಹದ್ದು, 65 ದಾಟಿದವರಿಗೆ ಅಂಗಾಂಶದ್ದು. ನಡುವಿನವರಿಗೆ ಬದುಕಿನ ರೀತಿ ನೋಡಿ ತೀರ್ಮಾನ. ಹಂದಿ-ದನದ ಮಾತು ಬಂದಾಗ ಮಡಿ-ಆಚಾರದ ಮನೆಗಳಲ್ಲಿ ಏಳುವ ಮುಜುಗರವನ್ನೂ ನಾನು ಬಲ್ಲೆ. ಅದನ್ನು ಒಳಗೇ ನುಂಗಿಕೊಳ್ಳದೆ ಡಾಕ್ಟರರೆದುರು ಬಾಯಿಬಿಟ್ಟು ಹೇಳಿದರೆ ಒಳ್ಳೆಯದು.

ವಾಲ್ವ್ ಮತ್ತೆ ಬದಲಿಸಬೇಕಾಗಿ ಬರುವುದಕ್ಕೆ ನಮ್ಮ ರಾಜ್ಯದವರು ಟಿವಿಯಲ್ಲೇ ಕಂಡ ಉದಾಹರಣೆ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರದು. ಹಿಂದೊಮ್ಮೆ ವಾಲ್ವ್ ಬದಲಿಸಿಕೊಂಡಿದ್ದ ಅವರಿಗೆ 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮತ್ತೆ ಆಪರೇಷನ್ ಆಯಿತು. 2024ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ಮೂರನೆಯದು. ಆ ಸಲ ಎದೆ ತೆರೆಯಲಿಲ್ಲ, ರಕ್ತನಾಳದ ದಾರಿಯಿಂದಲೇ ವಾಲ್ವ್ ಕೂರಿಸಿದರು. ಕೆಲವೇ ದಿನಗಳಲ್ಲಿ ಮಂಡ್ಯದ ಚುನಾವಣಾ ಕಣಕ್ಕಿಳಿದರು. ಆದರೆ ನಾಳವೂ ಉಬ್ಬಿದ್ದರೆ ಈ ಸುಲಭದ ದಾರಿ ಸಾಮಾನ್ಯವಾಗಿ ಸಾಲದು.

---
ತಿರುವನಂತಪುರದಿಂದ ಮಣಿಪಾಲಕ್ಕೆ

ವಿದೇಶಿ ವಾಲ್ವ್ ಬಡವರ ಕೈಗೆಟುಕುವುದಿಲ್ಲ ಎಂದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಹೃದಯ ಸರ್ಜನ್ ಡಾ. ಎಂ.ಎಸ್. ವಲಿಯತ್ತಾನ್ ದೇಶೀ ವಾಲ್ವ್ ಮಾಡಲು ಹೊರಟರು. ಮೊದಲ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದರಲ್ಲಿ ಲೋಹದ ಚೌಕಟ್ಟಿನೊಳಗೆ ವಿಶೇಷ ಪ್ಲಾಸ್ಟಿಕ್ಕಿನ ಬಿಲ್ಲೆ ಓಲಾಡುವಂತೆ ಕೂರಿಸಿದರು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ರೋಗಿಗೆ ಹಾಕಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಚಿತ್ರಾ ವಾಲ್ವ್ ಕೂತಿದೆ. ವಲಿಯತ್ತಾನ್ ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.
---

ಆ ಐದಾರು ಗಂಟೆ

ವಾಲ್ವೂ ನಾಳವೂ ಎರಡೂ ಕೆಟ್ಟಾಗ ಮಾಡುವ ಆಪರೇಷನ್ನಿಗೆ ‘ಬೆಂಟಾಲ್’ ಎನ್ನುತ್ತಾರೆ. ಲಂಡನ್ನಿನ ಹ್ಯೂ ಬೆಂಟಾಲ್ ಮತ್ತು ಆಂಟನಿ ಡಿ ಬೋನೊ 1968ರಲ್ಲಿ ಇದನ್ನು ಪ್ರಕಟಿಸಿದರು. ಎದೆಮೂಳೆಯನ್ನು ನಡುವೆ ಕೊಯ್ದು ತೆರೆಯುತ್ತಾರೆ. ರಕ್ತವನ್ನು ಹಾರ್ಟ್-ಲಂಗ್ ಮಶೀನಿಗೆ ತಿರುಗಿಸಿ ಮೈಯನ್ನು ತಂಪು ಮಾಡುತ್ತಾರೆ, ಪೊಟ್ಯಾಸಿಯಂ ಬೆರೆತ ದ್ರವದಿಂದ ಹೃದಯವನ್ನು ನಿಲ್ಲಿಸುತ್ತಾರೆ. ಉಬ್ಬಿದ ನಾಳ, ಹಾಳಾದ ವಾಲ್ವ್ ಎರಡನ್ನೂ ತೆಗೆದು, ತುದಿಯಲ್ಲಿ ವಾಲ್ವ್ ಹೊಲಿದಿರುವ ಬಟ್ಟೆಯ ಕೊಳವೆಯನ್ನು ಆ ಜಾಗಕ್ಕೆ ಹೊಲಿಯುತ್ತಾರೆ. ಹೃದಯಕ್ಕೇ ರಕ್ತ ಕೊಡುವ ಎರಡು ಸಣ್ಣ ನಾಳಗಳನ್ನು ಗುಂಡಿಯಂತೆ ಬಿಡಿಸಿ ಕೊಳವೆಗೆ ಕೂರಿಸುತ್ತಾರೆ. ಆಮೇಲೆ ಹೃದಯ ಮತ್ತೆ ಮಿಡಿಯಬೇಕು. ವಾಲ್ವ್ ಚೆನ್ನಾಗಿದ್ದರೆ ಅದನ್ನು ಉಳಿಸಿ ನಾಳವನ್ನಷ್ಟೇ ಬದಲಿಸುವ ವಿಧಾನವೂ ಇದೆ. ‘ನಮ್ಮವರಿಗೆ ಅದು ಆದೀತೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೊರಗೆ ಕಾಯುವವರ ಗಂಟೆಗಳನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ರಕ್ತ ಕೊಡಲು ಊರಿನಿಂದ ಬಂದ ಹುಡುಗರಿಗೆ ಚಹಾ ಕೊಡಿಸಬೇಕು. ಮನೆಯಲ್ಲಿ ಕೊಟ್ಟಿಗೆಗೆ ಯಾರು ಹೋದರು ಎಂದು ಕೇಳಬೇಕು. ನೆಟ್‌ವರ್ಕ್ ಸಿಗದ ಮನೆಗೆ ಸುದ್ದಿ ಮುಟ್ಟಿಸಬೇಕು. ರಾತ್ರಿ ಐಸಿಯುವಿನ ಗಾಜಿನಾಚೆ ಕಾಣುವ ಮುಖ ಊದಿರುತ್ತದೆ, ಬಾಯಲ್ಲಿ ಕೊಳವೆ, ಎದೆಯಿಂದ ಎರಡು ಡ್ರೇನ್, ಕುತ್ತಿಗೆಯಲ್ಲಿ ಸೂಜಿ. ಹೀಗಿರುತ್ತದೆ ಎಂದು ಮೊದಲೇ ಹೇಳಿದವರಿದ್ದರೆ ಆಕೆ ಅಲ್ಲಿ ನಿಲ್ಲಬಲ್ಲಳು. ಒಂದೆರಡು ದಿನ ರೋಗಿ ತಪ್ಪುತಪ್ಪಾಗಿ ಮಾತಾಡಬಹುದು, ‘ಬಾಗಿಲು ತೆಗಿ, ತೋಟಕ್ಕೆ ನೀರು ಬಿಟ್ಟಿಲ್ಲ’ ಎಂದು ಸಿಸ್ಟರ್ ಮೇಲೆ ರೇಗಬಹುದು. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ.

ಹ್ಯೂಸ್ಟನ್ನಿನ ಹೆಂಡತಿ

ನಾಳದ ಜಾಗಕ್ಕೆ ಹೊಲಿಯುವ ಬಟ್ಟೆಯ ಕೊಳವೆಯ ಹಿಂದೊಂದು ಕಥೆಯಿದೆ. 1950ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ಅಂಗಡಿಗೆ ನೈಲಾನ್ ಬಟ್ಟೆ ಕೊಳ್ಳಲು ಹೋದರು. ಅದು ಮುಗಿದಿತ್ತು, ಡ್ಯಾಕ್ರಾನ್ ಇತ್ತು. ಅದನ್ನೇ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಹೊಲಿಗೆಯನ್ನು ಬಾಲ್ಯದಲ್ಲಿ ತಾಯಿ ಕಲಿಸಿದ್ದರು.

2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಅದೇ ಡಿಬೇಕಿಯವರ ಎದೆಯಲ್ಲಿ ಸೀಳಿದಂಥ ನೋವೆದ್ದಿತು. ಏನಾಯಿತೆಂದು ಅವರಿಗೇ ಮೊದಲು ತಿಳಿಯಿತು. ಆಪರೇಷನ್ ಬೇಡವೆಂದರು. ವಾರಗಳು ಕಳೆದಂತೆ ಉಬ್ಬು ಬೆಳೆಯಿತು, ಪ್ರಜ್ಞೆ ಮಸುಕಾಯಿತು. ಈ ವಯಸ್ಸಿನಲ್ಲಿ, ಅವರೇ ಬೇಡವೆಂದಿರುವಾಗ ಮಾಡಬಹುದೇ ಎಂದು ಆಸ್ಪತ್ರೆಯ ನೈತಿಕ ಸಮಿತಿ 2006ರ ಫೆಬ್ರವರಿಯ ಒಂದು ರಾತ್ರಿ ಸಭೆ ಸೇರಿತು. ಚರ್ಚೆ ಎಳೆಯುತ್ತಿದ್ದಾಗ ಅವರ ಎರಡನೆಯ ಹೆಂಡತಿ ಕ್ಯಾಟ್ರಿನ್ ಒಳಗೆ ನುಗ್ಗಿದರು. ನೀವು ಮಾತಾಡಿ ಮುಗಿಸುವುದರೊಳಗೆ ನನ್ನ ಗಂಡ ಸಾಯುತ್ತಾನೆ, ಕೆಲಸ ಶುರು ಮಾಡಿ ಎಂಬುದು ಅವರ ಹಟ. ಶಿಷ್ಯ ಜಾರ್ಜ್ ನೂನ್ ತಂಡ ಸುಮಾರು ಏಳು ಗಂಟೆ ಆಪರೇಷನ್ ಮಾಡಿತು. ಡಿಬೇಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಗುಣವಾದರು. 2008ರ ಜುಲೈ ತನಕ ಬದುಕಿದರು. ಮಾಡಿದ್ದು ಒಳ್ಳೆಯದಾಯಿತು ಎಂದು ಆಮೇಲೆ ತಾವೇ ಹೇಳಿದರು.

ಕ್ಯಾಟ್ರಿನ್ ಗಂಡನ ಮಾತನ್ನು ಮೀರಿದ್ದು ಸರಿಯೇ ಎಂಬ ಪ್ರಶ್ನೆ ಸಣ್ಣದಲ್ಲ. ಫಲ ಬೇರೆಯಾಗಿದ್ದರೆ ಲೋಕ ಆಕೆಯನ್ನೇ ದೂರುತ್ತಿತ್ತು. ನನಗೆ ಕಾಣುವುದು ಇಷ್ಟು: ಆ ಸಭೆಯ ಬಾಗಿಲ ಹೊರಗೆ ಕೂರಬೇಕಾದವರು ಆಕೆಯಲ್ಲ. ಇಂಥ ಮಾತು ಗಂಡ-ಹೆಂಡಿರ ನಡುವೆ ಜಗಲಿಯ ಮೇಲೆ, ಇಬ್ಬರಿಗೂ ಎಚ್ಚರ ಇರುವಾಗಲೇ ಆಗಿರಬೇಕು. ಎಡವಟ್ಟಾದರೆ ಎಷ್ಟರ ತನಕ ಹೋಗಬೇಕು, ಯಾವ ವಾಲ್ವ್ ಬೇಕು, ಸಾಲ ಎಷ್ಟರ ತನಕ ಮಾಡಬಹುದು, ಎಲ್ಲ. ನಮ್ಮಲ್ಲಿ ಇದನ್ನು ‘ಅಪಶಕುನ’ ಎಂದು ಬಾಯಿ ಮುಚ್ಚಿಸುತ್ತಾರೆ. ಆ ಮಾತು ಆಗಿಲ್ಲದಿದ್ದಾಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಕೈಗೆ ಬೀಳುವ ಭಾರ ಎಷ್ಟು ಎಂದು ಆ ಕಾರಿಡಾರುಗಳಲ್ಲಿ ಕೂತವರಿಗೆ ಗೊತ್ತು.

---
ದುಡ್ಡಿನ ದಾರಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತೋಟಿಗರಲ್ಲಿ ಅನೇಕರಿಗೆ ಅನ್ವಯಿಸುವುದು ಎರಡನೆಯದೇ. 2003ರಲ್ಲಿ ತಿಂಗಳಿಗೆ 5 ರೂಪಾಯಿ ವಂತಿಗೆಯಿಂದ ಆರಂಭವಾದ ‘ಯಶಸ್ವಿನಿ’ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂದಿದೆ. ಸೇವಾ ಸಹಕಾರಿ ಸಂಘದ ಸದಸ್ಯರು ಹೆಸರು ನೋಂದಾಯಿಸುವ ಅವಧಿ ತಪ್ಪಿಸಿಕೊಳ್ಳಬಾರದು. ದಾಖಲಾಗುವ ಮೊದಲೇ ಕೇಳಿ: ವಾಲ್ವ್ ಸಹಿತ ಕೊಳವೆಯ ಬೆಲೆ ಪ್ಯಾಕೇಜಿನೊಳಗಿದೆಯೇ, ಹೊರಗಿದೆಯೇ?
---

ಮನೆಗೆ ಬಂದ ಮೇಲೆ

ಎದೆಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು. ಅಲ್ಲಿಯವರೆಗೆ ಕೊಡಪಾನ ಎತ್ತುವಂತಿಲ್ಲ, ಬಾವಿಯಿಂದ ನೀರು ಸೇದುವಂತಿಲ್ಲ, ಬೈಕ್ ಬಿಡುವಂತಿಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ಮೂರು ಚೆಂಡಿನ ಉಪಕರಣದಲ್ಲಿ ಉಸಿರೆಳೆದು ಚೆಂಡು ಏರಿಸುವ ಕೆಲಸವನ್ನು ದಿನಾ ನೆನಪಿಸಬೇಕು. ಆಪರೇಷನ್ ಚೆನ್ನಾಗಿ ಆಗಿದ್ದರೂ ಕೆಲವರು ಮಂಕಾಗುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ. ಗಟ್ಟಿ ಆಳು ಎಂದು ಹೆಸರಾದ ಗಂಡ ಅತ್ತಾಗ ಹೆಂಡತಿ ಹೆದರುವುದು ಸಹಜ. ಹೃದಯದ ಆಪರೇಷನ್ ನಂತರ ಇದು ತೀರಾ ಅಪರೂಪವಲ್ಲ, ಹೆಚ್ಚು ದಿನ ಎಳೆದರೆ ಡಾಕ್ಟರರಿಗೆ ಹೇಳಬೇಕು.

ಲೋಹದ ವಾಲ್ವ್ ಹಾಕಿಸಿಕೊಂಡ ಮನೆಯಲ್ಲಿ ಗೋಡೆಯ ಕ್ಯಾಲೆಂಡರೇ ಆಸ್ಪತ್ರೆಯ ಕಡತ. ನಾನು ಕಂಡ ಒಂದರಲ್ಲಿ ಏಕಾದಶಿ, ಅಮಾವಾಸ್ಯೆಯ ಪಕ್ಕದಲ್ಲೇ ಪೆನ್ಸಿಲಿನಲ್ಲಿ ‘2’, ಮರುದಿನಕ್ಕೆ ‘3’, ಮತ್ತೆ ‘2’ ಎಂದು ಬರೆದಿತ್ತು. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಗುಳಿಗೆಯ ಮಿಲಿಗ್ರಾಂ. ನುಂಗಿದ ಮೇಲೆ ಅಂಕಿಯ ಮೇಲೊಂದು ಗೀಟು. ಮರೆತ ದಿನಕ್ಕೆ ಮರುದಿನ ಎರಡು ಪಾಲು ನುಂಗಬಾರದು. ಡಾಕ್ಟರರು ಹೇಳಿದ ದಿನ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆಗೆ ರಕ್ತ ಕೊಡಬೇಕು. ಮಹಾಪಧಮನಿಯ ಲೋಹದ ವಾಲ್ವಿಗೆ ಸಾಮಾನ್ಯವಾಗಿ ಅದು ಎರಡರಿಂದ ಮೂರರ ನಡುವೆ ಇರಬೇಕು. ಕಡಿಮೆಯಾದರೆ ವಾಲ್ವಿಗೆ ಹೆಪ್ಪು ಕೂರುತ್ತದೆ, ಹೆಚ್ಚಾದರೆ ರಕ್ತ ಸೋರುತ್ತದೆ.

ಇಲ್ಲಿ ನಮ್ಮ ಅಡುಗೆಮನೆ ನಡುವೆ ಬರುತ್ತದೆ. ಚಕ್ರಮುನಿ, ಬಸಳೆ, ಹರಿವೆ, ಕೆಸುವಿನ ಕರಕಲಿ, ಒಂದೆಲಗದ ತಂಬುಳಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ಬಲ ಕುಂದಿಸುತ್ತದೆ. ಹಾಗೆಂದು ಸೊಪ್ಪು ಬಿಟ್ಟೇಬಿಡುವುದು ತಪ್ಪು. ದಿನಾ ಒಂದೇ ಹದದಲ್ಲಿ ಉಂಡರೆ ಗುಳಿಗೆಯ ಲೆಕ್ಕವನ್ನು ಅದಕ್ಕೆ ಹೊಂದಿಸಬಹುದು. ಮಳೆಗಾಲವಿಡೀ ಸೊಪ್ಪು, ಆಮೇಲೆ ಮೂರು ತಿಂಗಳು ಇಲ್ಲವೇ ಇಲ್ಲ ಎಂದಾದರೆ ಐಎನ್‌ಆರ್ ಎತ್ತೆತ್ತಲೋ ಓಡುತ್ತದೆ. ಸೊಂಟನೋವಿಗೆ ಅಂಗಡಿಯ ಡೈಕ್ಲೋಫಿನಾಕ್, ಪಕ್ಕದ ಮನೆಯವರು ಹೇಳಿದ ಚೂರ್ಣ, ಎರಡನ್ನೂ ಕೇಳದೆ ಕೊಡಬಾರದು. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹಟ ಬೇಡ. ಮಳೆಯಲ್ಲಿ ತೋಟಕ್ಕಿಳಿದರೆ ಉಂಬಳ ಕಚ್ಚಿದ ಜಾಗದಿಂದ ರಕ್ತ ನಿಲ್ಲುವುದೇ ಕಷ್ಟ. ಉಂಬಳದ ಜೊಲ್ಲೂ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಗುಳಿಗೆಯೂ ಅದನ್ನೇ ಮಾಡುತ್ತದೆ. ಹಲ್ಲು ಕೀಳಿಸುವುದಿದ್ದರೆ ಮೊದಲು ಹೃದಯದ ಡಾಕ್ಟರರಿಗೆ ಫೋನು.

ರೋಗಿ ಹೆಂಡತಿಯಾಗಿದ್ದರೆ? ಬಾಲ್ಯದ ಗಂಟಲುನೋವು ರುಮಾಟಿಕ್ ಜ್ವರವಾಗಿ, ಅದು ವಾಲ್ವನ್ನು ಕೆಡಿಸಿದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಅವರನ್ನು ತಿಂಗಳೊಳಗೇ ಒಲೆಯ ಮುಂದೆ, ಕೊಟ್ಟಿಗೆಯಲ್ಲಿ ಕಾಣಬಹುದು. ಗಂಡಸಿಗೆ ಸಿಗುವ ಮೂರು ತಿಂಗಳ ವಿಶ್ರಾಂತಿ ಅವರಿಗೂ ಸಿಗಬೇಕು, ಗುಳಿಗೆಯ ಕ್ಯಾಲೆಂಡರನ್ನು ಗಂಡ ಬರೆಯಬೇಕು. ಲೋಹದ ವಾಲ್ವ್ ಇರುವ ಚಿಕ್ಕ ವಯಸ್ಸಿನವರು ಬಸಿರಾಗುವ ಯೋಚನೆ ಮಾಡುವ ಮೊದಲೇ ಡಾಕ್ಟರರನ್ನು ಕಾಣಬೇಕು. ಈ ಗುಳಿಗೆ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಲ್ಲದು.

ಎರಡೆಸಳಿನ ವಾಲ್ವ್ ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ. ಅದಕ್ಕೇ ರೋಗಿಯ ಒಡಹುಟ್ಟಿದವರಿಗೆ, ಮಕ್ಕಳಿಗೆ ಒಮ್ಮೆ ಎಕೋ ಮಾಡಿಸಿ ಎನ್ನುತ್ತಾರೆ ತಜ್ಞರು. ನೋವಿಲ್ಲದ, ಸೂಜಿಯಿಲ್ಲದ ಪರೀಕ್ಷೆ ಅದು. ಅಂದು ಬಟ್ಟೆ ಚೀಲ ಹಿಡಿದು ಬೆಂಚಿನ ಮೇಲೆ ಉಳಿದವರು ಡಿಸ್ಚಾರ್ಜ್ ದಿನ ತಾವೇ ಒಳಗೆ ಹೋಗಿ ಸರ್ಜನ್‌ರ ಎದುರು ಕೂತರು, ಇದನ್ನೂ ಕೇಳಿ ತಿಳಿದುಕೊಂಡರು. ಮುಂದಿನ ಸಲ ಐಎನ್‌ಆರ್‌ಗೆ ಬಂದಾಗ ಮಗನನ್ನು ಮಾತ್ರವಲ್ಲ, ಅಂದು ‘ಇಬ್ಬರು ಸಾಕು’ ಎಂದಾಗ ಒಳಗೆ ಹೋಗಿದ್ದ ಅಣ್ಣನನ್ನೂ ಎಕೋ ಕೋಣೆಯ ಮುಂದೆ ಸಾಲಿನಲ್ಲಿ ನಿಲ್ಲಿಸಿದರು.